ದ್ರಾಕ್ಷಿ ತೋಟದಲ್ಲಿ ಒಂದು ರಾತ್ರಿ: ಫ್ರಾನ್ಸ್‌ನಲ್ಲಿ ಮೋಟರ್‌ಹೋಮ್ ಸುತ್ತುವವರ ಪ್ರಶ್ನೆಗಳು

ನಮಸ್ಕಾರ. ಫ್ರಾನ್ಸ್‌ನಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ, ಬಾಡಿಗೆಗೆ ಕೊಡುವ ಕಡೆ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಾಡಿಯನ್ನು ತೋರಿಸಿ ಕೊಡುವುದು, ವಾಪಸ್ ಬಂದಾಗ ನೋಡಿ ತೆಗೆದುಕೊಳ್ಳುವುದು, ಸಣ್ಣಪುಟ್ಟ ರಿಪೇರಿ, ಇಷ್ಟು ನನ್ನ ಕೆಲಸ. ರಜೆ ಸಿಕ್ಕಾಗ ನಾವೂ ಇದೇ ಥರ ಗಾಡಿಯಲ್ಲಿ ಹೊರಡುತ್ತೇವೆ. ರೈತರ ಅಂಗಳದಲ್ಲಿ ರಾತ್ರಿ ತಂಗುವ ಬಗ್ಗೆ ಗುಂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಎಲ್ಲವನ್ನೂ ಇಲ್ಲೇ ಕೇಳಿ.

ಪ್ರಶ್ನೆ: ಸರ್, ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಹನ್ನೆರಡು ದಿನ ಹೊರಟಿದ್ದೇವೆ. ಸ್ಟ್ರಾಸ್‌ಬರ್ಗ್‌ನಲ್ಲಿ ಗಾಡಿ ತೆಗೆದುಕೊಂಡು ಅಲ್ಸಾಸ್, ಆಮೇಲೆ ಜುರಾ, ಕೊನೆಗೆ ಬರ್ಗಂಡಿ. ದ್ರಾಕ್ಷಿ ತೋಟಗಳಲ್ಲಿ ರಾತ್ರಿ ಪುಕ್ಕಟೆ ನಿಲ್ಲಿಸಲು ಬಿಡುತ್ತಾರೆ ಅಂತ ಕೇಳಿದೆವು. ನಿಜಕ್ಕೂ ಪುಕ್ಕಟೆಯಾ? ನಾವು ವೈನ್ ಕುಡಿಯುವವರಲ್ಲ. ಏನೂ ಕೊಳ್ಳದೆ ನಿಂತರೆ ಮುಜುಗರ ಆಗುತ್ತದಾ?

ಉತ್ತರ: ನಿಜಕ್ಕೂ ಪುಕ್ಕಟೆ. ಫ್ರಾನ್ಸ್‌ನಲ್ಲಿ ಇದನ್ನು ನಡೆಸುವ ದೊಡ್ಡ ಕೂಟದ ಹೆಸರು ಫ್ರಾನ್ಸ್ ಪ್ಯಾಷನ್. 1993ರಲ್ಲಿ ಶುರುವಾಯಿತು. ಈಗ ಎರಡು ಸಾವಿರಕ್ಕೂ ಹೆಚ್ಚು ರೈತರು, ವೈನ್ ಮಾಡುವವರು, ಕುಶಲಕರ್ಮಿಗಳು ಅದರಲ್ಲಿದ್ದಾರೆ. ನೀವು ವರ್ಷಕ್ಕೊಮ್ಮೆ ಸದಸ್ಯತ್ವದ ದುಡ್ಡು ಕಟ್ಟುತ್ತೀರಿ, ಆ ವರ್ಷದ ಸ್ಟಿಕ್ಕರ್ ಗಾಜಿಗೆ ಅಂಟಿಸುತ್ತೀರಿ. ಆಮೇಲೆ ಒಂದು ಜಾಗದಲ್ಲಿ 24 ಗಂಟೆ ನಿಲ್ಲಬಹುದು. ಅದಕ್ಕೆ ಬಾಡಿಗೆ ಇಲ್ಲ. ಏನಾದರೂ ಕೊಳ್ಳಲೇಬೇಕು ಅನ್ನುವ ಕಟ್ಟುಪಾಡೂ ಇಲ್ಲ. ಜರ್ಮನಿಯಲ್ಲಿ ಲಾಂಡ್‌ಫೆರ್ಗ್ನ್ಯೂಗನ್, ಅಮೆರಿಕದಲ್ಲಿ ಹಾರ್ವೆಸ್ಟ್ ಹೋಸ್ಟ್ಸ್ ಇದೇ ಬಗೆಯವು. ಆದರೆ ಒಂದರ ಸ್ಟಿಕ್ಕರ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಮುಜುಗರದ ಮಾತಿಗೆ ಬರುತ್ತೇನೆ. ಆ ಜಾಗ ಪಾರ್ಕಿಂಗ್ ಲಾಟ್ ಅಲ್ಲ, ಒಬ್ಬರ ಮನೆಯ ಅಂಗಳ. ಗಾಡಿ ನಿಲ್ಲಿಸಿದ ತಕ್ಷಣ ಇಳಿದು ಹೋಗಿ ಮಾತಾಡಿಸಬೇಕು. ಮೊದಲು "ಬೊಂಜೂರ್", ಆಮೇಲೆ ಬೇರೆ ಮಾತು. ಪರದೆ ಎಳೆದುಕೊಂಡು ಒಳಗೇ ಕೂತು, ಬೆಳಿಗ್ಗೆ ಸದ್ದಿಲ್ಲದೆ ಹೊರಟುಹೋದರೆ ಅವರಿಗೆ ಬೇಜಾರಾಗುತ್ತದೆ. ನೀವು ಕೊಳ್ಳಲಿಲ್ಲ ಅಂತ ಅಲ್ಲ, ಮುಖ ಕೊಟ್ಟು ಮಾತಾಡಲಿಲ್ಲ ಅಂತ. ನನಗೆ ಗೊತ್ತಿರುವ ಒಬ್ಬ ಯಜಮಾನರು ಇದನ್ನು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ವೈನ್ ಬೇಡ ಅಂದರೆ ಬೇಡ. ಅಲ್ಸಾಸ್‌ನಲ್ಲಿ ದ್ರಾಕ್ಷಿ ರಸ ಮಾರುವ ಮನೆಗಳಿವೆ, ಮಗಳಿಗೆ ಖುಷಿಯಾಗುತ್ತದೆ. ವೋಜ್ ಬೆಟ್ಟದ ಕಡೆ ಫರ್ ಮರದ ಜೇನು ಸಿಗುತ್ತದೆ. ಬಣ್ಣ ಕಪ್ಪು, ಸಿಹಿ ಹದ, ನನಗಂತೂ ಅದು ತುಂಬಾ ಇಷ್ಟ. ಜುರಾದಲ್ಲಿ ಹಾಲಿನ ಮನೆಗಳಲ್ಲಿ ಕೇಳಿ ನಿಲ್ಲಿಸಿ. ಕೋಂತೆ ಚೀಸ್‌ಗೆ ಹಾಲು ಕೊಡುವ ಕೆಂಪು-ಬಿಳಿ ಮೊಂಬೆಲಿಯಾರ್ಡ್ ಹಸುಗಳನ್ನು ಹತ್ತಿರದಿಂದ ನೋಡಬಹುದು. ಐದಾರು ಯೂರೋದ ತುಂಡು ಕೊಂಡರೂ ಸಾಕು. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಕಾರ್ಡ್ ಮೆಷಿನ್ ಎಲ್ಲ ಮನೆಯಲ್ಲೂ ಇರುವುದಿಲ್ಲ.

ಪ್ರಶ್ನೆ: ಗಾಡಿ "ಸ್ವಾವಲಂಬಿ" ಆಗಿರಬೇಕು ಅಂತ ನಿಯಮದಲ್ಲಿದೆ. ಅಂದರೆ ಏನೇನು ಇರಬೇಕು? ಕರೆಂಟ್ ಇಲ್ಲದೆ ಎಷ್ಟು ರಾತ್ರಿ ತಳ್ಳಬಹುದು?

ಉತ್ತರ: ನೀರು, ಟಾಯ್ಲೆಟ್, ಅಡುಗೆ, ಬಚ್ಚಲು ನೀರು ಹಿಡಿದಿಡುವ ಟ್ಯಾಂಕ್, ಎಲ್ಲವೂ ಗಾಡಿಯೊಳಗೇ ಇರಬೇಕು. ರೈತರು ನೆಲ ಮಾತ್ರ ಕೊಡುತ್ತಾರೆ. ನಲ್ಲಿ, ಕರೆಂಟ್ ಕೊಟ್ಟರೆ ಅದು ಅವರ ದೊಡ್ಡ ಮನಸ್ಸು, ಅದನ್ನು ನಂಬಿಕೊಂಡು ಹೋಗಬೇಡಿ. ಟೆಂಟ್ ಹೊಡೆಯುವ ಹಾಗಿಲ್ಲ. ಹೊರಗೆ ಕುರ್ಚಿ ಹಾಕುವುದಕ್ಕೂ ಕೇಳಿಯೇ ಹಾಕಿ.

ಕರೆಂಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಡಿಗೆಗೆ ಹೋದವರಿಂದ ನನಗೆ ಜಾಸ್ತಿ ಫೋನ್ ಬರುವುದು ಇದಕ್ಕೇ. ಗಾಡಿಯಲ್ಲಿ ಎಂಜಿನ್ ಬ್ಯಾಟರಿ ಬೇರೆ, ಮನೆ ಭಾಗದ ಬ್ಯಾಟರಿ ಬೇರೆ. ಮನೆ ಭಾಗದ್ದು 100 ಆಂಪಿಯರ್-ಅವರ್ ಲೆಡ್ ಬ್ಯಾಟರಿ ಅಂದುಕೊಳ್ಳಿ. ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಅದಕ್ಕಿಂತ ಕೆಳಗಿಳಿಸಿದರೆ ಬ್ಯಾಟರಿ ಬೇಗ ಹಾಳಾಗುತ್ತದೆ. ಅಂದರೆ ಸುಮಾರು 600 ವ್ಯಾಟ್-ಅವರ್. ಎಲ್‌ಇಡಿ ದೀಪ, ನೀರಿನ ಪಂಪ್, ಫೋನ್ ಚಾರ್ಜ್, ಹೀಟರ್‌ನ ಫ್ಯಾನ್, ಇಷ್ಟೇ ಆದರೆ ಎರಡು ರಾತ್ರಿ ಸಾಗುತ್ತದೆ. ದಿನವೂ ಗಾಡಿ ಓಡಿಸುತ್ತಿದ್ದರೆ ಚಿಂತೆಯೇ ಇಲ್ಲ, ಓಡುವಾಗ ತುಂಬಿಕೊಳ್ಳುತ್ತದೆ.

ಕೂದಲು ಒಣಗಿಸುವ ಡ್ರೈಯರ್, ಕಾಫಿ ಮೆಷಿನ್ ಮಾತ್ರ ಮರೆತುಬಿಡಿ. ಗೋಡೆಯ 230 ವೋಲ್ಟ್ ಪ್ಲಗ್‌ಗೆ ಸಾಮಾನ್ಯವಾಗಿ ಹೊರಗಿನ ಕೇಬಲ್ ಹಾಕಿದಾಗಷ್ಟೇ ಕರೆಂಟ್ ಬರುತ್ತದೆ. ಇನ್ವರ್ಟರ್ ತಂದು ಹಾಕಿದರೂ 1500 ವ್ಯಾಟ್‌ನ ಡ್ರೈಯರ್ 12 ವೋಲ್ಟ್ ಬ್ಯಾಟರಿಯಿಂದ 125 ಆಂಪಿಯರ್ ಎಳೆಯುತ್ತದೆ. ಅದು ಒಂದು ಲೆಡ್ ಬ್ಯಾಟರಿಗೆ ತಡೆಯುವ ಭಾರ ಅಲ್ಲ. ಜನರೇಟರ್ ಹಾಕುವ ಯೋಚನೆಯೂ ಬೇಡ. ಹಳ್ಳಿಯ ರಾತ್ರಿಯಲ್ಲಿ ಆ ಸದ್ದು ಎಷ್ಟು ದೂರ ಹೋಗುತ್ತದೆ ಗೊತ್ತಾ?

ಫ್ರಿಜ್ ಅನ್ನು ನಿಂತಾಗ ಗ್ಯಾಸ್‌ಗೆ ತಿರುಗಿಸಿ. 12 ವೋಲ್ಟ್ ಇರುವುದು ಓಡುವಾಗಿನ ಬಳಕೆಗೆ.

ಇನ್ನೊಬ್ಬ ಸದಸ್ಯರು: ಹೋದ ಸಲ ನಮ್ಮ ಟಾಯ್ಲೆಟ್ ಕ್ಯಾಸೆಟ್ (ಟಾಯ್ಲೆಟ್ ಕೆಳಗಿನ, ಹೊರತೆಗೆದು ಸುರಿಯುವ ಡಬ್ಬ) ತುಂಬಿತ್ತು. ತೋಟದವರನ್ನು ಕೇಳಿ ಅವರ ಮನೆಯ ಕಕ್ಕಸಿಗೇ ಸುರಿದೆವು. ಅವರು ಹೂಂ ಅಂದರು, ಆದರೆ ಮುಖ ಸಪ್ಪಗಾಯಿತು. ತಪ್ಪು ಮಾಡಿದೆವಾ?

ಉತ್ತರ: ಕೇಳಿ ಮಾಡಿದ್ದೀರಿ, ಅದು ಒಳ್ಳೆಯದು. ಆದರೆ ಇನ್ನು ಮುಂದೆ ಕೇಳಲೂ ಹೋಗಬೇಡಿ ಮೇಡಂ. ಒಂಟಿ ತೋಟದ ಮನೆಗಳಿಗೆ ಹೆಚ್ಚಾಗಿ ಊರಿನ ಚರಂಡಿ ಇರುವುದಿಲ್ಲ, ಸ್ವಂತ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದು ಕೆಲಸ ಮಾಡುವುದೇ ಒಳಗಿನ ಬ್ಯಾಕ್ಟೀರಿಯಾದಿಂದ. ನಾವು ಕ್ಯಾಸೆಟ್‌ಗೆ ಹಾಕುವ ನೀಲಿ ಔಷಧಿ ವಾಸನೆ ತಡೆಯುವುದೇ ಬ್ಯಾಕ್ಟೀರಿಯಾವನ್ನು ಕೊಂದು ಅಥವಾ ಅಡಗಿಸಿ. ಸುಮಾರು 17 ಲೀಟರ್ ಹಿಡಿಯುವ ಕ್ಯಾಸೆಟ್ಟನ್ನು ಒಂದೇ ಸಲ ಅಲ್ಲಿಗೆ ಸುರಿದರೆ ಅವರ ಟ್ಯಾಂಕ್ ಕೆಡಬಹುದು. ನೀವು ಹೊರಟ ಮೇಲೆ ವಾಸನೆ ಸಹಿಸುವುದು, ದುಡ್ಡು ಕೊಟ್ಟು ತೆಗೆಸುವುದು ಎಲ್ಲಾ ಅವರ ಪಾಲಿಗೆ.

ಹಾಗೇ ಬಚ್ಚಲು ನೀರನ್ನು ಬಳ್ಳಿಗಳ ಬುಡಕ್ಕೆ ಬಿಡುವುದೂ ಬೇಡ. "ಗಿಡಕ್ಕೆ ನೀರಾಯಿತಲ್ಲ" ಅನ್ನುವವರನ್ನು ನೋಡಿದ್ದೇನೆ. ಆ ನೀರಿನಲ್ಲಿ ಸೋಪು, ಎಣ್ಣೆ ಜಿಡ್ಡು ಇರುತ್ತದೆ. ಸಾವಯವ ತೋಟವಾದರೆ ಅವರ ವರ್ಷದ ಶ್ರಮಕ್ಕೇ ಕುತ್ತು.

ಖಾಲಿ ಮಾಡಲು ಊರೂರಲ್ಲಿ "ಏರ್" ಅನ್ನುವ ಮೋಟರ್‌ಹೋಮ್ ನಿಲ್ದಾಣಗಳಿವೆ. ಕ್ಯಾಸೆಟ್ ಸುರಿಯಲು ಗುಂಡಿ, ಬಚ್ಚಲು ನೀರಿಗೆ ಜಾಲರಿ, ಒಳ್ಳೆಯ ನೀರಿನ ನಲ್ಲಿ, ಮೂರೂ ಒಂದೇ ಕಡೆ. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಕಾರ್ಡ್ ಇಲ್ಲವೇ ಟೋಕನ್. ಎರಡು ರಾತ್ರಿ ತೋಟದಲ್ಲಿ, ಮೂರನೇ ದಿನ ಒಂದು ಏರ್, ಹೀಗೆ ಹೊಂದಿಸಿಕೊಂಡರೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ.

ಪ್ರಶ್ನೆ: ಸೆಪ್ಟೆಂಬರ್ ಅಂದರೆ ಕೊಯ್ಲು ಅಲ್ವಾ? ಆಗ ನಾವು ಹೋದರೆ ತೊಂದರೆ ಆಗುವುದಿಲ್ಲವಾ?

ಉತ್ತರ: ಒಳ್ಳೆಯ ಪ್ರಶ್ನೆ. ಅಲ್ಸಾಸ್‌ನಲ್ಲಿ ಗುಳ್ಳೆ ಬರುವ ಕ್ರೆಮಾಂ ವೈನ್‌ಗೆ ಮೊದಲು ಕೊಯ್ಯುತ್ತಾರೆ, ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಿನಲ್ಲೇ. ಅದನ್ನು ಕೈಯಲ್ಲೇ ಕೊಯ್ಯಬೇಕು ಅಂತ ನಿಯಮ. ಹಾಗಾಗಿ ತೋಟದ ತುಂಬಾ ಜನ ಇರುತ್ತಾರೆ. ಮನೆಯವರಿಗೆ ಕೂತು ಮಾತಾಡಲು ಪುರಸೊತ್ತು ಇರುವುದಿಲ್ಲ. ಕೆಲವರು ಆ ವಾರಗಳಲ್ಲಿ ಗಾಡಿಗಳನ್ನು ಸೇರಿಸುವುದೇ ಇಲ್ಲ. ಅವರ ಪುಟದಲ್ಲಿ ದಿನಾಂಕ ನೋಡಿ, ಹಿಂದಿನ ದಿನ ಒಂದು ಫೋನ್ ಮಾಡಿ.

ಬಿಟ್ಟುಕೊಂಡರೆ ಮಾತ್ರ ಅದಕ್ಕಿಂತ ಚೆಂದದ ಕಾಲ ಇಲ್ಲ. ಒಂದು ಸಂಜೆ ಕೋಲ್ಮಾರ್ ಹತ್ತಿರ ನಿಂತಿದ್ದೆವು. ಟ್ರೇಲರ್ ಬಂದು ಹಿಂದಕ್ಕೆ ಸರಿದು ದ್ರಾಕ್ಷಿ ಹಿಂಡುವ ಪ್ರೆಸ್‌ನ ಬಾಗಿಲಿಗೆ ನಿಂತಿತು. ಗೊಂಚಲು ಸುರಿಯುವಾಗ ಹಸಿ ರಸದ ವಾಸನೆ ಅಂಗಳದ ತುಂಬಾ ಹರಡಿತು. ಕುಟುಕುವ ಕಣಜದ ಹುಳುಗಳು ಮುತ್ತಿದ್ದವು. ಯಜಮಾನಿ ಒಂದು ಲೋಟದಲ್ಲಿ ಆಗಷ್ಟೇ ಹಿಂಡಿದ ರಸ ತಂದು ಕೊಟ್ಟರು. ಮಂದ, ಕಲಸಿದ ಹಿಟ್ಟಿನ ನೀರಿನ ಬಣ್ಣ, ತುಟಿ ಅಂಟುವಷ್ಟು ಸಿಹಿ. ಅವರ ಕೈ ಮೊಣಕೈವರೆಗೂ ಜಿಗುಟಾಗಿತ್ತು. ಎರಡು ನಿಮಿಷ ನಿಂತು ಮತ್ತೆ ಓಡಿದರು.

ಆ ದಿನಗಳಲ್ಲಿ ಟ್ರ್ಯಾಕ್ಟರ್ ದಾರಿಗೆ ಅಡ್ಡ ನಿಲ್ಲಿಸಬೇಡಿ. ಅವರು ತೋರಿಸಿದ ಜಾಗದಲ್ಲೇ, ತೋರಿಸಿದ ದಿಕ್ಕಿಗೇ ನಿಲ್ಲಿಸಿ. ಹುಳು ಕಚ್ಚಿದರೆ ಮಗುವಿಗೆ ಅಲರ್ಜಿ ಆಗುತ್ತದೆ ಅಂತ ಗೊತ್ತಿದ್ದರೆ ಔಷಧಿ ಜೊತೆಗಿರಲಿ. ಬಳ್ಳಿಯಿಂದ ಹಣ್ಣು ಕೀಳುವುದನ್ನು ಮಗಳಿಗೆ ಮೊದಲೇ ಬೇಡ ಅನ್ನಿ. ಎಲೆಗಳ ಮೇಲೆ ನೀಲಿ ಪುಡಿ ಕಂಡರೆ ಅದು ಬೋರ್ಡೋ ದ್ರಾವಣ, ತಾಮ್ರದ ಔಷಧಿ.

ಮತ್ತೊಬ್ಬ ಸದಸ್ಯರು: ನಮ್ಮದು ಮಳೆಯಲ್ಲಿ ಹುಲ್ಲಿನ ಮೇಲೆ ಹೂತುಹೋಗಿ ಪಾಪ ರೈತರೇ ಟ್ರ್ಯಾಕ್ಟರ್ ತಂದು ಎಳೆದರು. ಮುಂದೆ ಹೀಗಾಗದಂತೆ ಏನು ಮಾಡಬೇಕು ಅಣ್ಣಾ?

ಉತ್ತರ: ಬಾಡಿಗೆ ಗಾಡಿಗಳಲ್ಲಿ ಬಹಳಷ್ಟು, ಎಂಜಿನ್ ಮುಂದಿನ ಚಕ್ರಗಳನ್ನು ಮಾತ್ರ ತಿರುಗಿಸುವಂಥವು. ಭಾರ ಮಾತ್ರ ಹಿಂದೆ ಇರುತ್ತದೆ. ಹಾಗಾಗಿ ಹಸಿ ಹುಲ್ಲಿನಲ್ಲಿ ಮುಂದಿನ ಚಕ್ರ ಸುಮ್ನೆ ಜಾರುತ್ತದೆ. ರಿವರ್ಸ್‌ನಲ್ಲಿ ಹುಲ್ಲಿಗೆ ಹೋಗಿ, ಮುಂದಿನ ಎರಡು ಚಕ್ರ ಗಟ್ಟಿ ದಾರಿಯ ಮೇಲೋ ಅದರ ಅಂಚಿನಲ್ಲೋ ಇರುವ ಹಾಗೆ ನಿಲ್ಲಿಸಿ. ಮೂತಿ ಹೊರಗಡೆಗೆ ಇರಲಿ. ಇಳಿಜಾರಿನ ಕೆಳಗೆ ಮೂತಿ ಹಾಕಿ ನಿಲ್ಲಿಸಿದರೆ ಬೆಳಿಗ್ಗೆ ಹಿಂದಕ್ಕೆ ಹತ್ತಬೇಕಾಗುತ್ತದೆ, ಅದೇ ಕಷ್ಟ. ಗಾಡಿಯನ್ನು ಹುಲ್ಲಿಗೆ ಇಳಿಸುವ ಮೊದಲು ಅಲ್ಲಿ ನಡೆದು ನೋಡಿ. ಹಿಮ್ಮಡಿ ಒತ್ತಿದಾಗ ನೆಲ ಕುಸಿದರೆ ಅಲ್ಲಿ ಬೇಡವೇ ಬೇಡ. ಹೂತ ಮೇಲೆ ಆಕ್ಸಿಲರೇಟರ್ ತುಳಿಯುತ್ತಾ ಕೂರಬೇಡಿ, ಗುಂಡಿ ಆಳವಾಗುತ್ತದೆ, ಅವರ ನೆಲವೂ ಹಾಳು. ನಾವು ಒಂದು ಸಲ ಹೀಗೆ ಮಾಡಿದ ಗೆರೆಗಳನ್ನು ಸಲಿಕೆ ಇಸಿದುಕೊಂಡು ಮುಚ್ಚಿಯೇ ಹೊರಟೆವು.

ಪ್ರಶ್ನೆ: ವೈನ್ ರುಚಿ ನೋಡಿ ಗಾಡಿ ಓಡಿಸಬಹುದಾ? ನಮ್ಮ ಗೆಳೆಯರಿಗೆ ಎಷ್ಟು ಬಾಟಲಿ ತರಬಹುದು? ಸ್ವಿಟ್ಜರ್ಲೆಂಡ್ ಮೇಲೆ ವಾಪಸ್ ಬರುವ ಯೋಚನೆ ಇದೆ.

ಉತ್ತರ: ಫ್ರಾನ್ಸ್‌ನಲ್ಲಿ ಮಿತಿ ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ 0.2, ಅಂದರೆ ಕುಡಿಯಲೇಬಾರದು. ರುಚಿ ನೋಡುವ ಕೋಣೆಯಲ್ಲಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಉಗುಳುವುದು ಅಲ್ಲಿ ಮರ್ಯಾದೆಗೇಡಲ್ಲ. ನನ್ನ ಮಾತು ಕೇಳಿದರೆ, ಸಂಜೆ ಗಾಡಿ ನಿಲ್ಲಿಸಿ ಕೀಲಿ ತೆಗೆದಿಟ್ಟ ಮೇಲೆ ಮಾತ್ರ ರುಚಿ ನೋಡಿ. ಅಂಗಳದಲ್ಲೇ ತಂಗುವ ದೊಡ್ಡ ಅನುಕೂಲ ಅದು.

ಬಾಟಲಿಯ ಲೆಕ್ಕದಲ್ಲಿ ಎಲ್ಲರೂ ತೂಕ ಮರೆಯುತ್ತಾರೆ. ಆರು ಬಾಟಲಿಯ ಪೆಟ್ಟಿಗೆ ಸುಮಾರು 8 ಕಿಲೋ, ಕ್ರೆಮಾಂ ಆದರೆ ದಪ್ಪ ಗಾಜು, 10 ಕಿಲೋ ಹತ್ತಿರ. ಸಾಮಾನ್ಯ ಲೈಸೆನ್ಸ್‌ನ ಗಾಡಿ ಎಲ್ಲ ಸೇರಿ 3,500 ಕಿಲೋ ದಾಟಬಾರದು. ನೀರಿನ ಟ್ಯಾಂಕ್ ತುಂಬಿದರೇ 100 ಕಿಲೋ ಆಗುತ್ತದೆ. ಐದಾರು ಪೆಟ್ಟಿಗೆ ಕೊಂಡರೆ ನೀರು ಸ್ವಲ್ಪ ಕಡಿಮೆ ತುಂಬಿ. ಪೆಟ್ಟಿಗೆಗಳನ್ನು ಗಾಡಿಯ ನೆಲದ ಮೇಲೆ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಇಡಿ. ಹಿಂದಿನ ಡಿಕ್ಕಿಗೆ ತುರುಕಿದರೆ ಮುಂದಿನ ಗಾಲಿಗಳ ಹಿಡಿತ ಇನ್ನೂ ಸಡಿಲ. ಸ್ವಿಟ್ಜರ್ಲೆಂಡ್‌ಗೆ ದೊಡ್ಡವರೊಬ್ಬರಿಗೆ 5 ಲೀಟರ್ ವೈನ್ ಮಾತ್ರ ಸುಂಕವಿಲ್ಲದೆ ಬಿಡುತ್ತಾರೆ, ಅದು ಆರು ಬಾಟಲಿಗಿಂತ ತುಸು ಜಾಸ್ತಿ. ಮಾಂಸ ತಲೆಗೆ 1 ಕಿಲೋ. ಜಾಸ್ತಿ ಇದ್ದರೆ ಗಡಿಯಲ್ಲಿ ನೀವೇ ಹೇಳಿ ಸುಂಕ ಕಟ್ಟಿ.

ಮೊದಲು ಕೇಳಿದವರು, ಒಂದು ತಿಂಗಳ ನಂತರ: ಸರ್, ಹೋಗಿ ಬಂದೆವು. ಏಳು ರಾತ್ರಿ ತೋಟಗಳಲ್ಲೇ ಕಳೆದೆವು. ಜುರಾದಲ್ಲಿ ಯಜಮಾನರು ಬೆಳಿಗ್ಗೆ ಆರಕ್ಕೇ ಗಾಡಿಯ ಬಾಗಿಲು ತಟ್ಟಿದರು, ಹಾಲು ಕರೆಯುವುದನ್ನು ನೋಡಲು ಮಗಳನ್ನು ಕರೆಯಲು. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. ಭಾಷೆ ಒಂದಕ್ಷರ ಬರದಿದ್ದರೂ ಎಂಟು ಹಸುವಿನ ಹೆಸರು ಕಲಿತು ಬಂದಿದ್ದಾಳೆ. ಒಂದೇ ಒಂದು ಅನುಮಾನ. ಬರ್ಗಂಡಿಯಲ್ಲಿ ಒಂದು ರಾತ್ರಿ ಫ್ರಿಜ್ ತಣ್ಣಗಾಗಲೇ ಇಲ್ಲ, ಗ್ಯಾಸ್ ಇತ್ತು, ಉರಿಯೂ ಇತ್ತು. ಮರುದಿನ ಬೇರೆ ಕಡೆ ತಾನಾಗಿಯೇ ಸರಿಹೋಯಿತು. ಚೀಸ್ ಕೆಟ್ಟಿಲ್ಲ.

ಉತ್ತರ: ಓದಿ ತುಂಬಾ ಖುಷಿಯಾಯಿತು ಸರ್, ಮಗಳಿಗೆ ನನ್ನ ಪ್ರೀತಿ ಹೇಳಿ. ಆ ರಾತ್ರಿ ಗಾಡಿ ಓರೆಯಾಗಿ ನಿಂತಿರಬೇಕು, ತೋಟಗಳು ಇಳಿಜಾರಿನಲ್ಲೇ ಇರುತ್ತವಲ್ಲ. ಗ್ಯಾಸ್‌ನಲ್ಲಿ ನಡೆಯುವ ಫ್ರಿಜ್‌ನೊಳಗೆ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಬೆರೆತ ನೀರು ಶಾಖದಿಂದ ಮೇಲೇರಿ, ತನ್ನ ಭಾರಕ್ಕೆ ತಾನೇ ಕೆಳಗೆ ಹರಿದು ಬರಬೇಕು. ಗಾಡಿ ವಾಲಿದರೆ ಅದು ಕೊಳವೆಯ ಮೂಲೆಯಲ್ಲಿ ನಿಂತುಬಿಡುತ್ತದೆ. ಉರಿ ಇದ್ದರೂ ತಂಪು ಬರುವುದಿಲ್ಲ. ಡಿಕ್ಕಿಯಲ್ಲಿ ಹಳದಿ ಪ್ಲಾಸ್ಟಿಕ್ ಮೆಟ್ಟಿಲಿನಂಥವು ಎರಡು ಇದ್ದಿರಬೇಕು, ತಗ್ಗಿನ ಕಡೆಯ ಚಕ್ರದ ಕೆಳಗಿಟ್ಟು ಗಾಡಿ ಹತ್ತಿಸಲು. ಮುಂದಿನ ಸಲ ನಿಲ್ಲಿಸಿದ ಮೇಲೆ ಒಂದು ಬಟ್ಟಲಲ್ಲಿ ಅರ್ಧ ನೀರು ಹಾಕಿ ಫ್ರಿಜ್‌ನ ತಳದಲ್ಲಿಡಿ. ನೀರು ಒಂದು ಅಂಚಿಗೆ ವಾಲಿದ್ದು ಕಣ್ಣಿಗೆ ಕಂಡರೆ, ಮಲಗುವ ಮೊದಲೇ ಸರಿಮಾಡಿಕೊಳ್ಳಿ.