ಸಹಾಯ ಬೇಕು: ಅಪ್ಪನ ಜೂಜಿಗೆ ಔಷಧಿಯೇ ಕಾರಣವಿರಬಹುದೇ?

68 ವರ್ಷ ಇಸ್ಪೀಟು ಎಲೆಯನ್ನೂ ಮುಟ್ಟದಿದ್ದ ಅಪ್ಪ ಈಗ ನಡುರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು, ನಡುಗುವ ಹೆಬ್ಬೆರಳಿನಿಂದ ಪಣ ಕಟ್ಟುತ್ತಾರೆ. ಕೇಳಿದರೆ ಕಣ್ತುಂಬಿಕೊಳ್ಳುತ್ತಾರೆ, ಬಿಡಲಾಗುತ್ತಿಲ್ಲ.

ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್ ಆರಂಭವಾಗಿ ಎಂಟು ತಿಂಗಳಾಯಿತು. ಮೆದುಳಿನ ರಾಸಾಯನಿಕವಾದ ಡೋಪಮೈನ್‌ನಂತೆ ಕೆಲಸ ಮಾಡುವ ಇಂಥ ಔಷಧಿಗಳು ಕೆಲವರಲ್ಲಿ ಜೂಜಿನ ಹಂಬಲ ಕೆರಳಿಸುತ್ತವೆ ಎಂದು ಮೊನ್ನೆ ಓದಿ ಎದೆ ಧಸಕ್ಕೆಂದಿತು. ದುಡುಕು ಸ್ವಭಾವ, ಖಿನ್ನತೆ, ಮನೆತನದಲ್ಲಿ ಚಟ ಇವಷ್ಟೇ ಕಾರಣ ಎಂದುಕೊಂಡು ಇಷ್ಟು ದಿನ ಅವರನ್ನೇ ಬೈದೆ. ಅಜ್ಜನಿಗೂ ಈ ಗೀಳಿತ್ತು. ಅಪ್ಪನಿಗೆ ಮೊದಲ ವಾರವೇ ದೊಡ್ಡ ಗೆಲುವೂ ಸಿಕ್ಕಿತ್ತು.

ಔಷಧಿಯನ್ನು ನಾವಾಗಿ ನಿಲ್ಲಿಸುವುದಿಲ್ಲ, ನಾಳಿದ್ದು ವೈದ್ಯರನ್ನು ಕಾಣುತ್ತೇವೆ. ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ: ಪ್ರಮಾಣ ಇಳಿಸಿದ ಮೇಲೆ ಹಂಬಲ ತಗ್ಗಲು ಎಷ್ಟು ಕಾಲ ಹಿಡಿಯಿತು? ಅವರ ಮರ್ಯಾದೆಗೆ ನೋವಾಗದಂತೆ ಬ್ಯಾಂಕ್ ಖಾತೆಯನ್ನು ಹೇಗೆ ಕಾಪಾಡಿದಿರಿ?