ಅಕಾಡೆಮಿಕ್ ಇಂಗ್ಲಿಷ್‌ನಲ್ಲಿ ವಾಕ್ಯ ಜೋಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದೇನೆ. ಗೈಡ್ ಪ್ರತಿ ಸಲವೂ ಬರೆಯುವುದು ಒಂದೇ ಮಾತು: ವಾಕ್ಯಗಳು ತುಂಡು ತುಂಡಾಗಿವೆ, ಒಂದಕ್ಕೊಂದು ಸೇರುತ್ತಿಲ್ಲ. ಸರಿ ಅಂತ ಸೇರಿಸಲು ಹೋದರೆ ನಾಲ್ಕು ಸಾಲಿನ ವಾಕ್ಯ ಆಗಿಬಿಡುತ್ತದೆ, ಆಗ 'ರನ್-ಆನ್' (ಸರಿಯಾದ ಚಿಹ್ನೆ, ಜೋಡಣೆ ಪದ ಇಲ್ಲದೆ ಅಂಟಿಸಿದ ವಾಕ್ಯ) ಅಂತ ಕೆಂಪು ಗೆರೆ. ಕಾಂಪೌಂಡ್ ಅಂದರೇನು, ಕಾಂಪ್ಲೆಕ್ಸ್ ಅಂದರೇನು ಅಂತ ಶಾಲೆಯಿಂದಲೂ ಬಾಯಿಪಾಠ ಇದೆ. ಬರೆಯಲು ಕೂತರೆ ಮಾತ್ರ ಕೈ ಓಡುವುದಿಲ್ಲ. ನಿಮಗೆ ಇದು ಹೇಗೆ ರೂಢಿಯಾಯಿತು? ವ್ಯಾಕರಣ ಪುಸ್ತಕದ ಹೆಸರು ಬೇಡ, ನೀವು ನಿಜವಾಗಿ ಏನು ಮಾಡುತ್ತೀರಿ ಅದನ್ನು ಹೇಳಿ.

ಜರ್ನಲ್ ಲೇಖನ ತಿದ್ದುವವರು:
ಮೊದಲು ಒಂದು ಮಾತು. ಸಣ್ಣ ವಾಕ್ಯ ಬರೆಯುವುದು ತಪ್ಪಲ್ಲ. ಗೈಡ್‌ಗೆ ಸಿಟ್ಟು ಬರುವುದು ವಾಕ್ಯ ಸಣ್ಣದು ಅಂತ ಅಲ್ಲ, ಎರಡು ವಾಕ್ಯಗಳ ನಡುವೆ ಏನು ಸಂಬಂಧ ಅಂತ ನೀವು ಹೇಳಿಲ್ಲ ಅಂತ. ಆ ಕೆಲಸವನ್ನು ಓದುವವರ ತಲೆಗೆ ಬಿಟ್ಟಿದ್ದೀರಿ.

ಅದಕ್ಕೇ ನಾನು 'ಇಲ್ಲಿ ಒಂದು ಕಾಂಪ್ಲೆಕ್ಸ್ ವಾಕ್ಯ ಹಾಕೋಣ' ಅಂತ ಯಾವತ್ತೂ ಶುರು ಮಾಡುವುದಿಲ್ಲ. ಎರಡು ಸಣ್ಣ ವಾಕ್ಯ ಬರೆದಿಟ್ಟು, ನಡುವೆ ಏನಿದೆ ಅಂತ ಕನ್ನಡದಲ್ಲೇ ಕೇಳಿಕೊಳ್ಳುತ್ತೇನೆ. ಕಾರಣವಾ? ವಿರೋಧವಾ? ಷರತ್ತಾ? ಕಾಲವಾ? ಸುಮ್ನೆ ಇನ್ನೊಂದು ವಿಷಯವಾ? ಇದಕ್ಕೆ ಉತ್ತರ ಸಿಕ್ಕರೆ ಜೋಡಿಸುವ ಪದ ತಾನಾಗಿ ಬರುತ್ತದೆ. ಸಿಗದಿದ್ದರೆ ಆ ಎರಡು ವಾಕ್ಯ ಜೋಡಿಸಬೇಕಾದವೇ ಅಲ್ಲ, ನಡುವೆ ಪೂರ್ಣವಿರಾಮ ಇರಲಿ.

ಉದಾಹರಣೆಗೆ, 'ದಿ ಸ್ಯಾಂಪಲ್ ವಾಸ್ ಸ್ಮಾಲ್' ಒಂದು ವಾಕ್ಯ. 'ದಿ ರಿಸಲ್ಟ್ಸ್ ವರ್ ಕನ್ಸಿಸ್ಟೆಂಟ್' ಇನ್ನೊಂದು. ನಡುವೆ ಇರುವುದು ವಿರೋಧ. ಹಾಗಾಗಿ 'ಬಟ್' ಹಾಕಿ ಸೇರಿಸಬಹುದು, ಎರಡಕ್ಕೂ ಹೆಚ್ಚುಕಡಿಮೆ ಸಮ ತೂಕ ಇರುತ್ತದೆ. ಅದು ಕಾಂಪೌಂಡ್. ಈಗ 'ಆಲ್ದೋ' ಹಾಕಿ ನೋಡಿ, ಒಂದು ಭಾಗ ಇನ್ನೊಂದಕ್ಕೆ ಅಧೀನವಾಗುತ್ತದೆ. ಅದು ಕಾಂಪ್ಲೆಕ್ಸ್. 'ಆಲ್ದೋ ದಿ ಸ್ಯಾಂಪಲ್ ವಾಸ್ ಸ್ಮಾಲ್, ದಿ ರಿಸಲ್ಟ್ಸ್ ವರ್ ಕನ್ಸಿಸ್ಟೆಂಟ್' ಅಂದರೆ ನೀವು ಫಲಿತಾಂಶವನ್ನು ನಂಬುತ್ತಿದ್ದೀರಿ ಅಂತ ಅರ್ಥ. ತಿರುಗಿಸಿ 'ಆಲ್ದೋ ದಿ ರಿಸಲ್ಟ್ಸ್ ವರ್ ಕನ್ಸಿಸ್ಟೆಂಟ್, ದಿ ಸ್ಯಾಂಪಲ್ ವಾಸ್ ಸ್ಮಾಲ್' ಅಂತ ಬರೆಯಿರಿ, ಈಗ ನಿಮಗೆ ಅನುಮಾನ ಇದೆ. ಮಾಹಿತಿ ಅದೇ, ತೀರ್ಪು ಉಲ್ಟಾ! ನೀವು ಒಪ್ಪಿಕೊಂಡು ಪಕ್ಕಕ್ಕೆ ಸರಿಸುವ ಮಾತು 'ಆಲ್ದೋ' ಜೊತೆ ಹೋಗುತ್ತದೆ, ನಿಮ್ಮ ನಿಜವಾದ ವಾದ ಮುಖ್ಯ ವಾಕ್ಯದಲ್ಲಿ ಕೂರುತ್ತದೆ. ಬೇರೆಯವರ ಸಂಶೋಧನೆಯನ್ನು ವಿಮರ್ಶಿಸುವ ಅಧ್ಯಾಯದಲ್ಲಿ ಇದು ತಪ್ಪಿದರೆ ನೀವು ಯಾರ ಪರ ಅಂತಲೇ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಪಾಠ ಮಾಡುವವರು:
ಮೇಲಿನವರು ಹೇಳಿದ್ದು ಸರಿ, ಆದರೆ ಕೆಂಪು ಗೆರೆ ಬೀಳುವುದು ಹೆಚ್ಚಾಗಿ ಚಿಹ್ನೆಯ ವಿಷಯಕ್ಕೆ. ಎರಡು ಪೂರ್ತಿ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಅಂಟಿಸುವ ಹಾಗಿಲ್ಲ. 'ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ' ಈ 7 ಪದಗಳಲ್ಲಿ ಒಂದು ಬೇಕು, ಅದಕ್ಕೆ ಮೊದಲು ಅಲ್ಪವಿರಾಮ. ಮೊದಲಕ್ಷರ ಸೇರಿಸಿ 'ಫ್ಯಾನ್‌ಬಾಯ್ಸ್' ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. (ಇದರಲ್ಲಿ 'ಫಾರ್' ಈಗ ಯಾರೂ ಅಷ್ಟಾಗಿ ಬಳಸುವುದಿಲ್ಲ, ಬಿಟ್ಟುಬಿಡಿ.) ಎರಡನೇ ಅರ್ಧಕ್ಕೆ ತನ್ನದೇ ಕರ್ತೃ ಇಲ್ಲದಿದ್ದರೆ ಸಾಮಾನ್ಯವಾಗಿ ಅಲ್ಪವಿರಾಮವೂ ಬೇಡ.

ಎಲ್ಲರೂ ಎಡವುವುದು 'ಹೌಎವರ್' ಹತ್ತಿರ. ಅದೂ 'ಬಟ್' ತರಹವೇ ಅಂದುಕೊಂಡು ಎರಡು ಕಡೆ ಅಲ್ಪವಿರಾಮ ಹಾಕಿಬಿಡುತ್ತಾರೆ. 'ಹೌಎವರ್', 'ದೇರ್‌ಫೋರ್', 'ಮೋರ್‌ಓವರ್' ಇವಕ್ಕೆ ಎರಡು ವಾಕ್ಯ ಜೋಡಿಸುವ ಶಕ್ತಿ ಇಲ್ಲ. ಪದಕ್ಕೆ ಮೊದಲು ಪೂರ್ಣವಿರಾಮ ಅಥವಾ ಅರ್ಧವಿರಾಮ, ಪದ ಆದ ಮೇಲೆ ಅಲ್ಪವಿರಾಮ. ನಿಮ್ಮ ಕಡತದಲ್ಲಿ 'ಹೌಎವರ್' ಅಂತ ಹುಡುಕಿ ಪ್ರತಿಯೊಂದಕ್ಕೂ ಮೊದಲು ಏನಿದೆ ನೋಡಿ, ಅರ್ಧ ಕೆಂಪು ಗೆರೆ ಅಲ್ಲೇ ಹೋಗುತ್ತದೆ.

ಇನ್ನು 'ಬಿಕಾಸ್', 'ಆಲ್ದೋ', 'ಇಫ್', 'ವೆನ್' ಇವುಗಳ ಭಾಗ ಮೊದಲು ಬಂದರೆ ಅದು ಮುಗಿದಲ್ಲಿ ಅಲ್ಪವಿರಾಮ. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ ('ಆಲ್ದೋ'ಗೆ ಮಾತ್ರ ಆಗಲೂ ಹೆಚ್ಚಾಗಿ ಹಾಕುತ್ತಾರೆ). ಆ ಭಾಗ ಒಂದೇ ವಾಕ್ಯವಾಗಿ ನಿಲ್ಲುವುದಿಲ್ಲ: 'ಬಿಕಾಸ್ ದಿ ಡೇಟಾ ವರ್ ಇನ್‌ಕಂಪ್ಲೀಟ್' ಅಂತ ಬರೆದು ಚುಕ್ಕಿ ಇಟ್ಟರೆ ಅದು ಅರ್ಧ ವಾಕ್ಯ.

ಸಂಶೋಧನಾ ವಿದ್ಯಾರ್ಥಿ:
ನನ್ನ ಅನುಭವದಲ್ಲಿ ತೊಂದರೆ ಇರುವುದು ನಾವು ಕನ್ನಡದಲ್ಲಿ ಯೋಚಿಸುವ ರೀತಿಯಲ್ಲಿ. ಕನ್ನಡದಲ್ಲಿ 'ತಂದು, ತೊಳೆದು, ಒಣಗಿಸಿ, ತೂಗಿದೆವು' ಅಂತ ಎಷ್ಟು ಬೇಕಾದರೂ ಎಳೆಯಬಹುದು, ಪೂರ್ಣ ಕ್ರಿಯಾಪದ ಕೊನೆಗೆ ಒಂದೇ. ಜೋಡಿಸುವ ಪದವೇ ಬೇಡ. ಅಷ್ಟೇ ಅಲ್ಲ, ಕರ್ತೃ ಬದಲಾದರೂ ನಡೆಯುತ್ತದೆ: 'ತಾಪಮಾನ ಹೆಚ್ಚಾಗಿ ದ್ರಾವಣ ಕೆಟ್ಟಿತು'. ಇದನ್ನೇ ಇಂಗ್ಲಿಷ್‌ಗೆ ತಂದು 'ಹ್ಯಾವಿಂಗ್ ಇನ್‌ಕ್ರೀಸ್ಡ್ ದಿ ಟೆಂಪರೇಚರ್, ದಿ ಸೊಲ್ಯೂಷನ್ ವಾಸ್ ಸ್ಪಾಯಿಲ್ಡ್' ಅಂದರೆ ದ್ರಾವಣವೇ ಎದ್ದು ಹೋಗಿ ತಾಪಮಾನ ಹೆಚ್ಚಿಸಿತು ಅನ್ನುವ ಅರ್ಥ ಬರುತ್ತದೆ. ಕರ್ತೃ ಎರಡಿದ್ದರೆ ಎರಡು ಪೂರ್ತಿ ಉಪವಾಕ್ಯ (ತನ್ನದೇ ಕರ್ತೃ, ಕ್ರಿಯಾಪದ ಇರುವ ಭಾಗ) ಬರೆಯಿರಿ, 'ಬಿಕಾಸ್' ಅಥವಾ 'ವೆನ್' ಹಾಕಿ. ಸುರಕ್ಷಿತ.

ಇನ್ನೊಂದು, ನಮಗೆ ಜೋಡಿ ಪದಗಳ ಚಾಳಿ. 'ಯಾವಾಗ' ಅಂದರೆ 'ಆಗ' ಬೇಕು, 'ಎಷ್ಟು' ಅಂದರೆ 'ಅಷ್ಟು' ಬೇಕು. ಅದಕ್ಕೇ ಇರಬೇಕು, 'ಆಲ್ದೋ' ಬರೆದ ಮೇಲೆ ಕೈ ತಾನಾಗಿ 'ಬಟ್' ಬರೆಯುತ್ತದೆ, 'ಸಿನ್ಸ್' ಬರೆದರೆ ಮುಂದೆ 'ಸೋ'. ಇಂಗ್ಲಿಷ್‌ನಲ್ಲಿ ಎರಡು ಉಪವಾಕ್ಯಕ್ಕೆ ಜೋಡಣೆ ಪದ ಒಂದು ಸಾಕು.

ವಿವರಣೆ ಕೂರುವ ಜಾಗವೂ ಉಲ್ಟಾ ಅಲ್ವಾ? 'ಕಳೆದ ವರ್ಷ ಸಂಗ್ರಹಿಸಿದ ಮಾಹಿತಿಯಿಂದ ಕಟ್ಟಿದ ಮಾದರಿ' ಅಂತ ನಾವು ಹೇಳುವಾಗ ಮಾದರಿ ಕೊನೆಗೆ. ಇಂಗ್ಲಿಷ್‌ನಲ್ಲಿ 'ದಿ ಮಾಡೆಲ್' ಮೊದಲು, ಉಳಿದದ್ದು 'ದಟ್' ಹಿಡಿದುಕೊಂಡು ಹಿಂದೆ. ನಾನು ಕನ್ನಡ ವಾಕ್ಯವನ್ನು ತಲೆಯಲ್ಲಿ ಇಟ್ಟುಕೊಂಡು ಅದರ ಬಾಲದಿಂದ ಶುರು ಮಾಡುತ್ತೇನೆ. ಆದರೆ ಹೀಗೆ ಬಾಲ ಉದ್ದ ಆದಾಗ ಕ್ರಿಯಾಪದ ದೂರ ಹೋಗುತ್ತದೆ. 'ದಿ ರಿಸಲ್ಟ್ಸ್ ಆಫ್ ದಿ ಸರ್ವೆ ದಟ್ ವಾಸ್ ಕಂಡಕ್ಟೆಡ್ ಇನ್ ದಿ ಫಸ್ಟ್ ಫೇಸ್' ಆದ ಮೇಲೆ 'ಶೋ' ಬರಬೇಕು, 'ಶೋಸ್' ಅಲ್ಲ. ಅಷ್ಟು ಹೊತ್ತಿಗೆ ಕರ್ತೃ ಬಹುವಚನ ಅನ್ನುವುದೇ ಮರೆತಿರುತ್ತದೆ.

ಐಇಎಲ್‌ಟಿಎಸ್ (ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ) ಬರೆದವರು:
ಪರೀಕ್ಷೆಗೆ ಓದುವವರೂ ಇದನ್ನು ನೋಡುತ್ತಿದ್ದರೆ ಚಿಕ್ಕ ಸೂಚನೆ. ಬರವಣಿಗೆಗೆ 4 ಅಳತೆಗಳು, ವ್ಯಾಕರಣ ಅದರಲ್ಲಿ ಒಂದು, ಅಂದರೆ ಕಾಲು ಭಾಗ ತೂಕ. ಅಲ್ಲಿ ವಾಕ್ಯಗಳ ವೈವಿಧ್ಯವನ್ನೂ ನೋಡುತ್ತಾರೆ, ತಪ್ಪಿಲ್ಲದಿರುವುದನ್ನೂ ನೋಡುತ್ತಾರೆ. ಎಲ್ಲ ವಾಕ್ಯವೂ ಕಾಂಪ್ಲೆಕ್ಸ್ ಆಗಬೇಕು ಅಂತ ಎಲ್ಲೂ ಇಲ್ಲ.

ಭಾಷಾಶಾಸ್ತ್ರ ಓದಿದವರು:
ಸ್ವಲ್ಪ ಭಿನ್ನ ರಾಗ ಹಾಡುತ್ತೇನೆ. ಅಕಾಡೆಮಿಕ್ ಇಂಗ್ಲಿಷ್ ಅಂದರೆ ಉಪವಾಕ್ಯಗಳ ಸರಮಾಲೆ ಅನ್ನುವುದೇ ಅರ್ಧ ನಿಜ. ಡಗ್ಲಸ್ ಬೈಬರ್, ಬೆಥನಿ ಗ್ರೇ ಮತ್ತು ಜೊತೆಗಾರರು 2011ರಲ್ಲಿ ಮಾತುಕತೆ ಮತ್ತು ಸಂಶೋಧನಾ ಲೇಖನಗಳನ್ನು ಹೋಲಿಸಿ ತೋರಿಸಿದ್ದು ಬೇರೆಯೇ. 'ಬಿಕಾಸ್', 'ಇಫ್' ತರಹದ ಅಧೀನ ವಾಕ್ಯಗಳು ಜಾಸ್ತಿ ಇರುವುದು ಜನರ ಮಾತಿನಲ್ಲಿ. ಸಂಶೋಧನಾ ಬರಹದಲ್ಲಿ ಜಾಸ್ತಿ ಇರುವುದು ತುಂಬಿದ ನಾಮಪದ ಗುಂಪುಗಳು. 'ದಿ ಟೆಂಪರೇಚರ್ ರೋಸ್ ರಾಪಿಡ್ಲಿ, ಆಂಡ್ ಬಿಕಾಸ್ ಆಫ್ ದಿಸ್ ದಿ ಸೆಲ್ಸ್ ಡೈಡ್' ಅಂತ ಬರೆಯುವ ಬದಲು 'ದಿ ರಾಪಿಡ್ ರೈಸ್ ಇನ್ ಟೆಂಪರೇಚರ್ ಕಿಲ್ಡ್ ದಿ ಸೆಲ್ಸ್' ಅನ್ನಬಹುದು. ಕ್ರಿಯಾಪದ ಒಂದೇ, ವ್ಯಾಕರಣದ ಲೆಕ್ಕದಲ್ಲಿ ಅದು ಸರಳ ವಾಕ್ಯ, ಆದರೂ ಕಾರಣ ಒಳಗೇ ಇದೆ.

ಜರ್ನಲ್ ಲೇಖನ ತಿದ್ದುವವರು:
ಒಪ್ಪಿದೆ, ಆದರೆ ಅದನ್ನೇ ಹಟ ಹಿಡಿದು ಮಾಡಬೇಡಿ. ಐದಾರು ನಾಮಪದ ಸಾಲಾಗಿ ನಿಲ್ಲಿಸಿದ ವಾಕ್ಯ ನನ್ನ ಮೇಜಿಗೆ ಬಂದರೆ ಯಾವುದು ಯಾವುದಕ್ಕೆ ಸೇರಿದ್ದು ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಹೊಸಬರಿಗೆ ಮೊದಲು ಉಪವಾಕ್ಯ ಪಳಗಲಿ, ಕುಗ್ಗಿಸುವುದು ಆಮೇಲೆ.

ಇಂಗ್ಲಿಷ್ ಪಾಠ ಮಾಡುವವರು:
ಅಭ್ಯಾಸದ ಬಗ್ಗೆ ಕೇಳಿದ್ದಿರಿ. ನಿಮ್ಮದೇ ವಿಷಯದ ಒಂದು ಒಳ್ಳೆಯ ಲೇಖನ ತೆಗೆದುಕೊಳ್ಳಿ. ಒಂದು ಪ್ಯಾರಾದ ಪ್ರತಿ ವಾಕ್ಯವನ್ನೂ ಒಡೆದು, ಒಂದೊಂದೇ ಕ್ರಿಯಾಪದ ಇರುವ ಚಿಕ್ಕ ವಾಕ್ಯಗಳಾಗಿ ಬರೆದಿಡಿ. ಒಂದೆರಡು ದಿನ ಬಿಟ್ಟು, ಮೂಲ ನೋಡದೆ ಮತ್ತೆ ಜೋಡಿಸಿ. ಆಮೇಲೆ ಮೂಲದ ಪಕ್ಕದಲ್ಲಿ ಇಟ್ಟು ನೋಡಿ. ಅವರು 'ವೈಲ್' ಹಾಕಿದ ಕಡೆ ನೀವು 'ಆಂಡ್' ಹಾಕಿದ್ದರೆ ಯಾಕೆ ಅಂತ ಯೋಚಿಸಿ. ಅಮೆರಿಕದ ಶಾಲೆಗಳಲ್ಲಿ 1960, 70ರ ದಶಕಗಳಲ್ಲೇ ವಾಕ್ಯ ಜೋಡಿಸುವ ಪಾಠಗಳನ್ನು ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದ್ದರು, ಬರವಣಿಗೆ ಸುಧಾರಿಸಿದ್ದೂ ಕಂಡಿತ್ತು. ನಿಯಮ ಬಾಯಿಪಾಠ ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಕೇಳಿದವರು:
ತುಂಬಾ ಉಪಯೋಗ ಆಯಿತು. 'ಸಿನ್ಸ್', 'ವೈಲ್', 'ವಿಚ್' ಈ ಮೂರಕ್ಕೂ ಗೈಡ್ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಯಾಕಿರಬಹುದು?

ಜರ್ನಲ್ ಲೇಖನ ತಿದ್ದುವವರು:
'ಸಿನ್ಸ್' ಕಾರಣವೂ ಹೌದು, 'ಅಂದಿನಿಂದ' ಅನ್ನುವ ಕಾಲವೂ ಹೌದು. 'ವೈಲ್' ಕೂಡ ಹಾಗೇ, ಕಾಲಕ್ಕೂ ಬರುತ್ತದೆ, ವಿರೋಧಕ್ಕೂ ಬರುತ್ತದೆ. ವಾಕ್ಯ ಎರಡೂ ರೀತಿ ಓದಿಸಿಕೊಳ್ಳುತ್ತಿದ್ದರೆ 'ಬಿಕಾಸ್', 'ವೇರ್‌ಆಸ್' ಹಾಕಿ ಮುಗಿಸಿ.

'ವಿಚ್' ಯಾವುದನ್ನು ತೋರಿಸುತ್ತಿದೆ ಅಂತ ನೋಡಿ. 'ದಿ ಸರ್ವೆ ವಾಸ್ ಡಿಲೇಡ್ ಬೈ ದಿ ಕಮಿಟಿ, ವಿಚ್ ಅಫೆಕ್ಟೆಡ್ ದಿ ರಿಸಲ್ಟ್ಸ್' ಅಂದರೆ ಫಲಿತಾಂಶ ಕೆಡಿಸಿದ್ದು ಸಮಿತಿಯೋ, ತಡವಾದದ್ದೋ? ಅಲ್ಲಿ ವಾಕ್ಯ ಮುಗಿಸಿ, 'ದಿಸ್ ಡಿಲೇ' ಅಂತ ಹೊಸದಾಗಿ ಶುರು ಮಾಡಿ. ಇನ್ನು 'ವಿಚ್', 'ಹೂ' ಅಕ್ಕಪಕ್ಕದ ಅಲ್ಪವಿರಾಮ ಅಲಂಕಾರಕ್ಕಲ್ಲ. 'ದಿ ಪೇಷಂಟ್ಸ್ ಹೂ ಹ್ಯಾಡ್ ಫೀವರ್ ವರ್ ಎಕ್ಸ್‌ಕ್ಲೂಡೆಡ್' ಅಂದರೆ ಜ್ವರ ಇದ್ದವರನ್ನು ಮಾತ್ರ ಕೈಬಿಟ್ಟಿರಿ. 'ಪೇಷಂಟ್ಸ್' ಆದ ಮೇಲೊಂದು, 'ಫೀವರ್' ಆದ ಮೇಲೊಂದು ಅಲ್ಪವಿರಾಮ ಇಟ್ಟರೆ ಎಲ್ಲರಿಗೂ ಜ್ವರ ಇತ್ತು, ಎಲ್ಲರನ್ನೂ ಕೈಬಿಟ್ಟಿರಿ. ಹಾಗಾದರೆ ಅಧ್ಯಯನ ಮಾಡಿದ್ದು ಯಾರ ಮೇಲೆ ಅಂತ ಗೈಡ್ ಕೇಳಿಯೇ ಕೇಳುತ್ತಾರೆ.