ಸಿಇ-20 ಇಂಜಿನ್‌ಗೆ ಸ್ಟೇಜ್ಡ್ ಕಂಬಶ್ಚನ್ ಬಿಟ್ಟು ಗ್ಯಾಸ್ ಜನರೇಟರ್ ಯಾಕೆ ತಗೊಂಡ್ರು?

ಹಾಸನ_ಮೆಕ್:
ಎಲ್ರಿಗೂ ನಮಸ್ಕಾರ. ಮೆಕ್ಯಾನಿಕಲ್ ಮೂರನೇ ವರ್ಷ ಓದ್ತಿದೀನಿ, ಸೆಮಿನಾರ್‌ಗೆ ಇಸ್ರೋದ ಕ್ರಯೋಜೆನಿಕ್ ಇಂಜಿನ್ (ತುಂಬಾ ತಣ್ಣಗಿನ ದ್ರವ ಹೈಡ್ರೋಜನ್, ದ್ರವ ಆಕ್ಸಿಜನ್ ಉರಿಸೋದು) ತಗೊಂಡಿದೀನಿ, ಒಂದು ವಿಷಯ ಮಾತ್ರ ಎಷ್ಟು ಓದಿದ್ರೂ ತಲೆಗೆ ಹೋಗ್ತಿಲ್ಲ. ಜಿಎಸ್‌ಎಲ್‌ವಿ ರಾಕೆಟ್ ಮೇಲ್ಹಂತದ ಸಿಇ-7.5 ಇಂಜಿನ್ ಸ್ಟೇಜ್ಡ್ ಕಂಬಶ್ಚನ್, ಸ್ಪೆಸಿಫಿಕ್ ಇಂಪಲ್ಸ್ (ಇಂಧನ ಎಷ್ಟು ಚೆನ್ನಾಗಿ ಬಳಕೆ ಆಗುತ್ತೆ ಅನ್ನೋ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೇದು) 454 ಸೆಕೆಂಡ್. ಎಲ್‌ವಿಎಂ3 ರಾಕೆಟ್‌ಗೆ ಮಾಡಿದ ಸಿಇ-20 ಗ್ಯಾಸ್ ಜನರೇಟರ್, ಅದರದ್ದು 442ರ ಆಸುಪಾಸು. ಮೇಲ್ಹಂತದಲ್ಲಿ ಒಂದೊಂದು ಸೆಕೆಂಡೂ ಲೆಕ್ಕಕ್ಕೆ ಬರುತ್ತೆ ಅಂತಾರಲ್ವಾ, ಹಂಗಿದ್ಮೇಲೆ ಒಳ್ಳೆ ಸೈಕಲ್ (ಇಂಜಿನ್ನಿನ ಪಂಪ್ ತಿರುಗಿಸೋ ರೀತಿ) ಬಿಟ್ಟು ಕಮ್ಮಿ ಇರೋದಕ್ಕೆ ಯಾಕೆ ಹೋದ್ರು? ಗೈಡ್ ಇದನ್ನ ಕೇಳೇ ಕೇಳ್ತಾರೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಪಂಪ್‌ರಾವ್:
ಮೊದ್ಲು ಇಸವಿ ನೋಡಿ. ಎಲ್‌ವಿಎಂ3 ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಸಿಇ-7.5 ಮೊದಲ ಸಲ ಹಾರಿದ್ದು 2010ರ ಏಪ್ರಿಲ್ 15ಕ್ಕೆ, ಅದೂ ಫೇಲ್ ಆಯ್ತು, ಗೆದ್ದಿದ್ದು 2014ರ ಜನವರಿ 5ಕ್ಕೆ. ಅಂದ್ರೆ ಎಲ್‌ವಿಎಂ3 ಶುರುವಾದಾಗ ಸ್ಟೇಜ್ಡ್ ಕಂಬಶ್ಚನ್ ಇನ್ನೂ ನಮ್ಮ ಕೈಗೆ ಪಳಗಿರ್ಲೇ ಇಲ್ಲ. ಸಿಇ-7.5 ಆ ದಾರಿ ಹಿಡಿದಿದ್ದಕ್ಕೆ ಕಾರಣ ಅದೇ ಸೈಕಲ್‌ನ ರಷ್ಯಾದ ಕೆವಿಡಿ-1 ಇಂಜಿನ್. 1991ರ ಸೋವಿಯತ್ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಒಪ್ಪಂದದಲ್ಲಿ ಟೆಕ್ನಾಲಜಿನೂ ಬರ್ಬೇಕಿತ್ತು, ಅಮೆರಿಕ ಅಡ್ಡ ಬಂದು ಕೊನೆಗೆ ರೆಡಿ ಸ್ಟೇಜ್‌ಗಳು ಮಾತ್ರ ಬಂದ್ವು, ಅದೇ ರಾಕೆಟ್ ಮೇಲೆ ಅದೇ ಜಾಗದಲ್ಲಿ ಕೂರೋ ಇಂಜಿನ್ ನಾವೇ ಮಾಡ್ಕೋಬೇಕಾಯ್ತು. ಸಿಇ-20ಗೆ ಆ ಕಟ್ಟುಪಾಡು ಇರ್ಲಿಲ್ಲ.

ಈಗ ಸೈಕಲ್ ವಿಷಯ. ಸ್ಟೇಜ್ಡ್‌ನಲ್ಲಿ ಹೈಡ್ರೋಜನ್ ಪ್ರೀಬರ್ನರ್ ಅನ್ನೋ ಸಣ್ಣ ಚೇಂಬರ್‌ನಲ್ಲಿ ಸ್ವಲ್ಪ ಆಕ್ಸಿಜನ್ ಜತೆ ಉರಿದು, ಆ ಬಿಸಿ ಗ್ಯಾಸ್ ಟರ್ಬೈನ್ ತಿರುಗಿಸಿ, ಆಮೇಲೆ ಮೇನ್ ಚೇಂಬರ್‌ಗೇ ಹೋಗಿ ಪೂರ್ತಿ ಉರಿಯುತ್ತೆ, ಏನೂ ದಂಡ ಆಗಲ್ಲ, ಅದಕ್ಕೇ 454. ಆದ್ರೆ ಪಂಪ್, ಪ್ರೀಬರ್ನರ್, ಚೇಂಬರ್ ಮೂರೂ ಅವಿಭಕ್ತ ಕುಟುಂಬ ಇದ್ದಂಗೆ, ಒಂದು ಕಡೆ ಪ್ರೆಶರ್ ಏರುಪೇರಾದ್ರೆ ಎಲ್ಲಾ ಕಡೆ ತಟ್ಟುತ್ತೆ, ಬಿಡಿಬಿಡಿಯಾಗಿ ಟೆಸ್ಟ್ ಮಾಡಿ ಸರಿ ಮಾಡ್ಕೊಳ್ಳೋದು ತುಂಬಾ ಕಷ್ಟ. ಸಾಲದ್ದಕ್ಕೆ ಸಿಇ-7.5ರಲ್ಲಿ ಎರಡೂ ಪಂಪ್ ಒಂದೇ ಶಾಫ್ಟ್ ಮೇಲಿವೆ. ಗ್ಯಾಸ್ ಜನರೇಟರ್‌ನಲ್ಲಿ ಟರ್ಬೈನ್ ತಿರುಗಿಸಿದ ಗ್ಯಾಸ್ ಹೊರಗೆ ಹೋಗ್ಬಿಡುತ್ತೆ, ಒಂದಿಷ್ಟು ಸೆಕೆಂಡ್ ಅಲ್ಲೇ ಕಳ್ಕೋತೀವಿ ನಿಜ, ಆದ್ರೆ ಜನರೇಟರ್ ಬೇರೆ, ಹೈಡ್ರೋಜನ್ ಪಂಪ್ ಬೇರೆ, ಆಕ್ಸಿಜನ್ ಪಂಪ್ ಬೇರೆ, ಚೇಂಬರ್ ಬೇರೆ, ಒಂದೊಂದನ್ನೂ ಗಟ್ಟಿ ಮಾಡ್ಕೊಂಡು ಆಮೇಲೆ ಜೋಡಿಸಬಹುದು. 20 ಟನ್ ಥ್ರಸ್ಟಿನ ಇಂಜಿನ್ ಮೊದಲ ಸಲ ಮಾಡೋರಿಗೆ ಇದು ಹಿಂದೆ ಸರಿಯೋದಲ್ಲ, ಸರಿಯಾದ ಇಂಜಿನಿಯರಿಂಗ್ ತೀರ್ಮಾನ ಅನ್ನೋದೇ ನನ್ನ ಅಭಿಪ್ರಾಯ. ಚಂದ್ರನ ಹತ್ರ ಮನುಷ್ಯರನ್ನ ಕಳಿಸಿದ ಸ್ಯಾಟರ್ನ್ 5ರ ಮೇಲ್ಹಂತಗಳ ಜೆ-2 ಕೂಡ ಗ್ಯಾಸ್ ಜನರೇಟರೇ, ಯುರೋಪಿನ ಏರಿಯಾನ್ ರಾಕೆಟ್ ಮೇಲ್ಹಂತದ ಎಚ್‌ಎಂ7ಬಿನೂ ಅದೇ.

ಧಾರವಾಡ_ದಿನು:
ಪಂಪ್‌ರಾವ್ ಸರ್ ಹೇಳಿದ್ದು ಖರೇ ಐತ್ರಿ. ಅದಕ್ಕ 2010ರ ಜಿಎಸ್‌ಎಲ್‌ವಿ-ಡಿ3 (ಫೇಲ್ ಆದ ಆ ಮೊದಲ ಹಾರಾಟ) ಸೇರಿಸ್ಕೊಳ್ರಿ, ಸೆಮಿನಾರ್‌ಗೆ ಭಾಳ ಉಪಯೋಗ ಆಕ್ಕೈತಿ. ಇಂಜಿನ್ ಉರಿಯಾಕ ಹತ್ತಿತ್ತು. ಟ್ಯಾಂಕಿನಿಂದ ಮೇನ್ ಪಂಪಿಗೆ ಹೈಡ್ರೋಜನ್ ದಬ್ಬೋ ಸಣ್ಣ ಬೂಸ್ಟರ್ ಪಂಪ್ ನಿಮಿಷಕ್ಕ 34,800 ಸುತ್ತಿನ ತನಕ ಏರಿ, ಮೇಲ್ಹಂತ ಸ್ಟಾರ್ಟ್ ಆಗಿ 0.9 ಸೆಕೆಂಡಿಗೆ ಇಳಿಯಾಕ ಹತ್ತಿ, ಮುಂದಿನ 0.6 ಸೆಕೆಂಡಿನಾಗ ನಿಂತೇಬಿಡ್ತು. ಹೈಡ್ರೋಜನ್ ಇಲ್ದ ಮ್ಯಾಲ ಥ್ರಸ್ಟ್ ಎಲ್ಲಿಂದ ಬರಬೇಕ್ರಿ? ಸೀಲ್ ಹತ್ರ ರೋಟರ್ ಹಿಡ್ಕೊಂಡಿರಬೇಕು, ಇಲ್ಲಾಂದ್ರ ಟರ್ಬೈನ್ ಕೇಸಿಂಗ್ ಒಡದಿರಬೇಕು ಅಂತ ಎರಡು ಕಾರಣ ತನಿಖೆಯೊಳಗ ಬಂದ್ವು. ಮೈನಸ್ 253 ಡಿಗ್ರಿ ಹೈಡ್ರೋಜನ್ ಒಳಗ ತಿರುಗೋ ಯಂತ್ರದಾಗ ಎಲ್ಲಾ ಭಾಗ ಕುಗ್ತಾವ, ಅದೂ ಒಂದೊಂದು ಒಂದೊಂದು ಅಳತಿಗೆ, ಕ್ಲಿಯರೆನ್ಸ್ ಸ್ವಲ್ಪ ತಪ್ಪಿದ್ರೂ ಮುಗೀತು. ಅದಕ್ಕ ಸೈಕಲ್ ಹೆಸರಿನಕಿಂತ ಪಂಪು, ಬೇರಿಂಗು, ಸೀಲು, ವಾಲ್ವು ಇವನ್ನ ಓದ್ರಿ. 2021ರ ಆಗಸ್ಟ್‌ನಾಗ ಜಿಎಸ್‌ಎಲ್‌ವಿ-ಎಫ್10 ಫೇಲ್ ಆಗಿದ್ದೂ ಒಂದು ವಾಲ್ವ್ ಸೋರಿ ಹೈಡ್ರೋಜನ್ ಟ್ಯಾಂಕಿನ ಪ್ರೆಶರ್ ಇಳಿದಿದ್ದಕ್ಕ.

ಹಾಸನ_ಮೆಕ್:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ಇಸವಿ ಇಟ್ಕೊಂಡು ನೋಡ್ದಾಗ ಪೂರ್ತಿ ಬೇರೆ ಥರಾನೇ ಕಾಣ್ಸುತ್ತೆ. ಇನ್ನೊಂದು ಕೇಳ್ತೀನಿ, ಈ ಇಂಜಿನ್ ಉರಿಯೋದು ನಿರ್ವಾತದಲ್ಲಿ, ನೆಲದ ಮೇಲೆ ಹೆಂಗೆ ಟೆಸ್ಟ್ ಮಾಡ್ತಾರೆ?

ಪಂಪ್‌ರಾವ್:
ಟೆಸ್ಟ್ ಎಲ್ಲಾ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ. ಮೇಲ್ಹಂತದ ನಾಝಲ್ (ಗ್ಯಾಸ್ ಹೊರಗೆ ಬರೋ ಗಂಟೆ ಆಕಾರದ ಭಾಗ) ತುಂಬಾ ಅಗಲ, ಸಿಇ-20ದು ಬಾಯಿ ವಿಸ್ತೀರ್ಣ ಕತ್ತಿನ ವಿಸ್ತೀರ್ಣದ 100 ಪಟ್ಟು. ನೆಲದ ಮೇಲೆ ಹಂಗೇ ಹಚ್ಚಿದ್ರೆ ಹೊರಗಿನ ಗಾಳಿ ಒತ್ತಡಕ್ಕೆ ಗ್ಯಾಸ್ ನಾಝಲ್ ಗೋಡೆ ಬಿಟ್ಟು ಬರುತ್ತೆ, ಆ ಅದುರಾಟಕ್ಕೆ ನಾಝಲ್ಲೇ ಹಾಳಾಗಬಹುದು. ಅದಕ್ಕೆ ಹೈ ಆಲ್ಟಿಟ್ಯೂಡ್ ಟೆಸ್ಟ್ ಫೆಸಿಲಿಟಿಯಲ್ಲಿ ಸುತ್ತ ನಿರ್ವಾತ ಮಾಡಿ ಹಚ್ತಾರೆ, ಅದು ಖರ್ಚಿನ, ತಲೆನೋವಿನ ಕೆಲಸ, ಉರಿಸೋಕೆ ಸಿಗೋ ಸಮಯಾನೂ ಕಮ್ಮಿ. 2024ರ ನವೆಂಬರ್ 29ಕ್ಕೆ ನಾಝಲ್ ಕಾಪಾಡೋ ಒಂದು ವ್ಯವಸ್ಥೆ ಹಾಕಿ ಸಮುದ್ರಮಟ್ಟದ ಒತ್ತಡದಲ್ಲೇ ಅದೇ 100 ಪಟ್ಟಿನ ನಾಝಲ್ ಜತೆ ಸಿಇ-20 ಉರಿಸಿ ತೋರಿಸಿದ್ರು. ನನ್ನ ಲೆಕ್ಕದಲ್ಲಿ ಇದು ದೊಡ್ಡ ಕೆಲಸ, ಪ್ರತಿ ಇಂಜಿನ್ನನ್ನೂ ಹಾರೋ ಮುಂಚೆ ಪರೀಕ್ಷೆ ಮಾಡೋದು ಸಲೀಸಾಗುತ್ತೆ. ಸೆಮಿನಾರ್‌ನಲ್ಲಿ ಒಂದು ಸ್ಲೈಡ್ ಪೂರ್ತಿ ಇದಕ್ಕೇ ಇಡಿ, ಜತೆಗೆ ಸ್ಟಾರ್ಟ್ ಮಾಡೋ ಮುಂಚೆ ಪಂಪ್‌ಗಳನ್ನ ತಣ್ಣಗೆ ಮಾಡೋ ಚಿಲ್‌ಡೌನ್ ಬಗ್ಗೆನೂ ಓದ್ಕೊಂಡು ಹೋಗಿ, ಗೈಡ್ ಮುಂದಿನ ಪ್ರಶ್ನೆ ಅಲ್ಲಿಂದಾನೇ ಬರೋದು.